ಮುಗ್ಗಲು ಟವೆಲ್‌ಗೆ ಆಕ್ಸಿಜನ್ ಬ್ಲೀಚ್: ಕರಾವಳಿಯ ಮಳೆಗಾಲದಲ್ಲಿ ಬಳಸಿ ನೋಡಿದ ಮೇಲೆ

ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳಿಯ ಹರಳುಪುಡಿಯನ್ನು ಈಗ ‘ಆಕ್ಸಿಜನ್ ಬ್ಲೀಚ್’ ಎಂಬ ಹೆಸರಿನಲ್ಲಿ ಆನ್‌ಲೈನ್ ಅಂಗಡಿಗಳು ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ಟುಗಳಲ್ಲಿ ಮಾರುತ್ತಿವೆ. ಬಿಳಿ ಬಟ್ಟೆಯ ಹಳದಿ ಕಳೆಯುವುದರಿಂದ ಹಿಡಿದು ಟೈಲ್ಸ್ ಸಂದಿನ ಕಪ್ಪು ಬಿಡಿಸುವವರೆಗೆ ಹತ್ತಾರು ಕೆಲಸಗಳ ಪಟ್ಟಿ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಇರುತ್ತದೆ. ಅವುಗಳಲ್ಲಿ ನಾನು ಕಾಳಜಿಯಿಂದ ಗಮನಿಸಿದ್ದು ಒಂದನ್ನು ಮಾತ್ರ: ಮೈ ಒರೆಸುವ ಟವೆಲ್‌ಗೆ ಮಳೆಗಾಲದಲ್ಲಿ ಅಂಟಿಕೊಳ್ಳುವ, ಎಷ್ಟು ಒಗೆದರೂ ಹೋಗದ ಮುಗ್ಗಲು ವಾಸನೆಯನ್ನು ಇದು ತೆಗೆಯುತ್ತದೆಯೇ ಎಂಬುದು. ತೆಗೆಯುತ್ತದೆ, ಅದೂ ಚೆನ್ನಾಗಿಯೇ ತೆಗೆಯುತ್ತದೆ. ಆದರೆ ವಾಸನೆ ಮತ್ತೆ ಬಾರದಂತೆ ತಡೆಯುವ ಗುಣ ಇದಕ್ಕಿಲ್ಲ. ಅದು ಟವೆಲ್‌ನ ದಪ್ಪಕ್ಕೂ ಅದು ಒಣಗುವ ವೇಗಕ್ಕೂ ಸೇರಿದ ವಿಷಯ. ಆದ್ದರಿಂದ ಪುಡಿಯ ವಿಮರ್ಶೆಯಾಗಿ ಹೊರಟ ಈ ಬರಹದಲ್ಲಿ ಟವೆಲ್‌ಗಳ ವಿಚಾರಕ್ಕೂ ಅಷ್ಟೇ ಜಾಗ ಕೊಡಬೇಕಾಗಿದೆ.

ನಮ್ಮದು ಮಂಗಳೂರಿನ ಒಂದು ಫ್ಲ್ಯಾಟ್. ಜುಲೈ ತಿಂಗಳಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆ ಎಂದರೆ, ಬಟ್ಟೆಯಲ್ಲಿರುವ ನೀರನ್ನು ಹೀರಿಕೊಳ್ಳಲು ಗಾಳಿಯಲ್ಲಿ ಜಾಗವೇ ಉಳಿದಿರುವುದಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲಿನ ಹಂಡೆಯ ಒಲೆ ದಿನವಿಡೀ ಕಾವು ಕೊಡುತ್ತಿತ್ತು. ಅದರ ಮೇಲೆ ಕಟ್ಟಿದ ಬಿದಿರ ಗಳಕ್ಕೆ ಹಾಕಿದ ಬಟ್ಟೆ ಹೊಗೆಯ ವಾಸನೆ ಹೊತ್ತುಕೊಂಡರೂ ಮುಗ್ಗುತ್ತಿರಲಿಲ್ಲ. ಗೀಸರ್ ಬಂದು ಒಲೆ ಹೋದ ಮೇಲೆ ಆ ಸೌಲಭ್ಯವೂ ಹೋಯಿತು. ಮನೆಯಲ್ಲಿ ಬಳಕೆಯಲ್ಲಿರುವ ಟವೆಲ್‌ಗಳು ಮೂರು ಬಗೆಯವು: ಉಡುಗೊರೆಯಾಗಿ ಬಂದ ದಪ್ಪನೆಯ ಟರ್ಕಿ ಟವೆಲ್‌ಗಳು, ಖಾದಿ ಭಂಡಾರದಿಂದ ತಂದ ಜೇನುಗೂಡು ನೇಯ್ಗೆಯವು, ಮತ್ತು ಈ ಕಡೆ ಎಲ್ಲರ ಮನೆಯಲ್ಲೂ ಇರುವ ತೆಳು ಹತ್ತಿಯ ಬೈರಾಸು. ಮೂರನ್ನೂ ಒಂದೇ ಮಶಿನ್‌ನಲ್ಲಿ, ಒಂದೇ ಸೋಪಿನಲ್ಲಿ ಒಗೆದು, ಒಂದೇ ಕೋಣೆಯಲ್ಲಿ ಒಣಗಿಸಿದ್ದರಿಂದ ಹೋಲಿಸುವುದು ಸುಲಭವಾಯಿತು.

ಪುಡಿಯ ಗುಣದೋಷ ಹೇಳುವ ಮೊದಲು ಈ ವಾಸನೆ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು, ಏಕೆಂದರೆ ಅಂಗಡಿಯಲ್ಲಿ ಸಿಗುವ ಅರ್ಧಕ್ಕರ್ಧ ಪರಿಹಾರಗಳು ಸೋಲುವುದು ಇಲ್ಲಿಯೇ. ಸ್ನಾನ ಮಾಡಿ ಬಂದವರು ಶುಚಿಯಾಗಿರುತ್ತಾರೆ, ಆದ್ದರಿಂದ ಟವೆಲ್ ಕೊಳೆಯಾಗುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಆದರೆ ಒರೆಸುವಾಗ ಚರ್ಮದ ಎಣ್ಣೆಯಂಶ, ಸತ್ತ ಚರ್ಮದ ಕಣಗಳು ಮತ್ತು ತೊಳೆದುಹೋಗದೆ ಉಳಿದ ಸೋಪು ಇವೆಲ್ಲ ಬಟ್ಟೆಗೆ ಇಳಿಯುತ್ತವೆ. ತೇವ ಉಳಿದಷ್ಟು ಹೊತ್ತೂ ಬ್ಯಾಕ್ಟೀರಿಯಾಗಳು ಇದನ್ನು ತಿನ್ನುತ್ತ ಹೆಚ್ಚುತ್ತವೆ. ನಮ್ಮ ಹಾಗೆಯೇ ಜೂನ್–ಜುಲೈನಲ್ಲಿ ಮಳೆ ಹಿಡಿದು ಮನೆಯೊಳಗೆ ಬಟ್ಟೆ ಒಣಗಿಸಬೇಕಾದ ಜಪಾನಿನಲ್ಲಿ ಈ ವಿಷಯವನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. 2012ರಲ್ಲಿ ಪ್ರಕಟವಾದ ಅಲ್ಲಿನ ಒಂದು ಸಂಶೋಧನೆ, ಒಗೆದ ಬಟ್ಟೆಯ ಒದ್ದೆ ಒರಸುಬಟ್ಟೆಯಂಥ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದೂ, ಅದು ಹುಟ್ಟಿಸುವ 4-ಮೀಥೈಲ್-3-ಹೆಕ್ಸೆನೋಯಿಕ್ ಆಮ್ಲವೇ ಮೂಗಿಗೆ ಬಡಿಯುವ ವಸ್ತುವೆಂದೂ ತೋರಿಸಿತು. ಈ ಬ್ಯಾಕ್ಟೀರಿಯಾ ಒಣಗಿಸುವಿಕೆಯನ್ನೂ ಅತಿನೇರಳೆ ಕಿರಣವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಮಳೆ ಬಿಟ್ಟ ಒಂದು ದಿನ ಬಿಸಿಲಿಗೆ ಹಾಕಿ ಎಲ್ಲ ಸರಿಹೋಯಿತೆಂದುಕೊಂಡ ಟವೆಲ್ ಮರುದಿನವೇ ಮತ್ತೆ ನಾರುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಲಕ್ಷಣವನ್ನು ಎಲ್ಲರೂ ಗಮನಿಸಿರುತ್ತಾರೆ. ಮಡಿಸಿಟ್ಟಾಗ ಯಾವ ವಾಸನೆಯೂ ಇಲ್ಲದ ಟವೆಲ್, ಒದ್ದೆ ಮುಖಕ್ಕೆ ಹಿಡಿದ ಕ್ಷಣವೇ ಮುಗ್ಗಲು ಹೊಡೆಯುತ್ತದೆ. ಎಳೆಯೊಳಗೆ ಉಳಿದಿದ್ದ ವಾಸನೆಯ ಅಂಶ ತೇವ ಮತ್ತು ಮೈಯ ಕಾವು ತಗಲಿದೊಡನೆ ಹೊರಬರುತ್ತದೆ. ಹಾಗಾಗಿ ಯಾವ ಪುಡಿ, ಯಾವ ದ್ರಾವಣವನ್ನೇ ಪರೀಕ್ಷಿಸಲಿ, ಒಣ ಟವೆಲ್ ಮೂಸಿ ತೀರ್ಪು ಕೊಡುವುದು ಸರಿಯಲ್ಲ. ಒಂದು ಮೂಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಮುಚ್ಚಿಟ್ಟು, ಆಮೇಲೆ ಮೂಸಬೇಕು. ಅದರಲ್ಲೂ ಟರ್ಕಿ ಟವೆಲ್‌ನ ಎರಡು ತುದಿಗಳಲ್ಲಿ ಕುಣಿಕೆಗಳಿಲ್ಲದೆ ಗಟ್ಟಿಯಾಗಿ ನೇಯ್ದ ಪಟ್ಟಿ ಮತ್ತು ಮಡಿಸಿ ಹೊಲಿದ ಅಂಚು ಇರುತ್ತವಲ್ಲ, ಅಲ್ಲಿಯೇ ಮೂಸಬೇಕು. ಉಳಿದ ಭಾಗವೆಲ್ಲ ಬೆಚ್ಚಗೆ ಒಣಗಿ ಮೆತ್ತಗಾಗಿದ್ದರೂ ಆ ಅಂಚನ್ನು ಎರಡು ಬೆರಳಲ್ಲಿ ಹಿಡಿದರೆ ತಣ್ಣಗಿರುತ್ತದೆ. ತಣ್ಣಗಿದೆಯೆಂದರೆ ಒಳಗೆ ನೀರಿದೆ. ಆ ಅಂಚು ಒಣಗದ ಹೊರತು ಟವೆಲ್ ಒಣಗಿದೆ ಎಂದು ಲೆಕ್ಕವಲ್ಲ. ಈ ಬರಹದಲ್ಲಿ ‘ವಾಸನೆ ಹೋಯಿತು’ ಎಂದು ಹೇಳಿರುವ ಕಡೆಯಲ್ಲೆಲ್ಲ ಈ ಅಂಚಿನ ಪರೀಕ್ಷೆಯೇ ಆಧಾರ.

ಈಗ ಪುಡಿಯ ವಿಷಯ. ಸೋಡಿಯಂ ಪರ್‌ಕಾರ್ಬೊನೇಟ್ ಎಂದರೆ ಬಟ್ಟೆ ಸೋಡಾ (ವಾಷಿಂಗ್ ಸೋಡಾ) ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಒಂದೇ ಹರಳಿನಲ್ಲಿ ಸೇರಿಕೊಂಡಿರುವ ವಸ್ತು. ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸೋಡಾ, ಉಳಿದ ಮೂರನೇ ಒಂದು ಭಾಗ ಪೆರಾಕ್ಸೈಡ್. ನೀರಿಗೆ ಬಿದ್ದೊಡನೆ ಎರಡೂ ಬೇರೆಯಾಗುತ್ತವೆ. ಸೋಡಾ ನೀರನ್ನು ಕ್ಷಾರಗೊಳಿಸಿ ಎಣ್ಣೆಯಂಶವನ್ನು ಸಡಿಲಿಸುತ್ತದೆ. ಪೆರಾಕ್ಸೈಡ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಬಣ್ಣದ ಕಲೆಗಳನ್ನೂ ವಾಸನೆಯ ಅಂಶಗಳನ್ನೂ ಒಡೆಯುತ್ತದೆ. ಕೊನೆಗೆ ಉಳಿಯುವುದು ನೀರು, ಆಕ್ಸಿಜನ್ ಮತ್ತು ಸೋಡಾ ಮಾತ್ರವಾದ್ದರಿಂದ ಕ್ಲೋರಿನ್ ಬ್ಲೀಚಿನ ಹಾಗೆ ಈಜುಕೊಳದ ವಾಸನೆ ಬಟ್ಟೆಗೆ ಅಂಟುವುದಿಲ್ಲ, ಹತ್ತಿಯೂ ಅಷ್ಟು ಬೇಗ ಜೀರ್ಣವಾಗುವುದಿಲ್ಲ. ನಾನು ಕೊಂಡಾಗ ಕಿಲೋಗೆ ನಾನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದು ಬಕೆಟ್ಟಿಗೆ 30 ಗ್ರಾಂನಂತೆ ಬಳಸಿದರೆ ಒಂದು ಕಿಲೋ ಮೂವತ್ತಕ್ಕೂ ಹೆಚ್ಚು ಸಲಕ್ಕೆ ಬರುತ್ತದೆ, ಅಂದರೆ ಸಲಕ್ಕೆ ಹನ್ನೆರಡು, ಹದಿಮೂರು ರೂಪಾಯಿ. ಕಲೆ ತೆಗೆಯುವ ಪುಡಿಗಳೆಂದು ಸೂಪರ್‌ಮಾರ್ಕೆಟ್ಟುಗಳಲ್ಲಿ ಸಿಗುವ ವ್ಯಾನಿಶ್ ಮುಂತಾದವುಗಳಲ್ಲೂ ಇದೇ ವಸ್ತು ಇದೆ, ಆದರೆ ಅವುಗಳಲ್ಲಿ ಸುಗಂಧ, ಕಿಣ್ವ, ಮಾರ್ಜಕಗಳೂ ಬೆರೆತಿರುತ್ತವೆ. ಬರಿಯ ಟವೆಲ್‌ಗೆ ಆ ಬೆರಕೆಯ ಅಗತ್ಯ ನನಗೆ ಕಾಣಲಿಲ್ಲ.

ಬಳಸುವ ಕ್ರಮದಲ್ಲಿ ಒಂದೇ ಒಂದು ಸಂಗತಿ ನಿರ್ಣಾಯಕವಾದದ್ದು: ನೀರು ಬಿಸಿಯಿರಬೇಕು. ನಲ್ಲಿಯ ತಣ್ಣೀರಿಗೆ ಹಾಕಿದರೆ ಪುಡಿ ಕರಗುತ್ತದೆಯೇ ಹೊರತು ಪೆರಾಕ್ಸೈಡ್ ತೀರಾ ನಿಧಾನವಾಗಿ ಕೆಲಸ ಮಾಡುತ್ತದೆ. ಈ ಪುಡಿ ಪ್ರಯೋಜನಕ್ಕೆ ಬಾರದೆಂದು ದೂರುವವರನ್ನು ವಿಚಾರಿಸಿದರೆ ಬಹುಪಾಲು ತಣ್ಣೀರಿನಲ್ಲಿ ಬಳಸಿದವರೇ ಆಗಿರುತ್ತಾರೆ. ನೀರು 40 ಡಿಗ್ರಿಗಿಂತ ಮೇಲಿರಬೇಕು, 60 ಆದರೆ ಇನ್ನೂ ಒಳ್ಳೆಯದು; ಗೀಸರಿನಿಂದ ಬೆರಕೆಯಿಲ್ಲದೆ ಹಿಡಿದ ನೀರು, ಕೈಯಿಟ್ಟರೆ ತಕ್ಷಣ ತೆಗೆಯುವಷ್ಟು ಬಿಸಿಯಿದ್ದರೆ, ಸಾಕಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಪುಡಿ ಹಾಕಿ ಮೇಲೆ ಬಿಸಿನೀರು ಸುರಿದರೆ ಸಣ್ಣ ಗುಳ್ಳೆಗಳೆದ್ದು ಚುರುಚುರು ಸದ್ದಾಗುತ್ತದೆ. ಟವೆಲ್‌ಗಳನ್ನು ಮುಳುಗಿಸಿ ಮೇಲೊಂದು ತಟ್ಟೆ ಕವುಚಿಟ್ಟರೆ ಅವು ತೇಲಿ ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ, ಒಗೆದು ಮಡಿಸಿಟ್ಟಿದ್ದ ‘ಶುಭ್ರ’ ಟವೆಲ್‌ಗಳಿಂದ ನೀರು ಚಹಾ ಸೋಸಿದ ಬಟ್ಟೆ ಹಿಂಡಿದಂತೆ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಬೂದು ಬಣ್ಣದ ತೆಳು ಕೆನೆಯೊಂದು ಕಟ್ಟುತ್ತದೆ. ಅದು ಎಷ್ಟೋ ಕಾಲದಿಂದ ಎಳೆಗಳಲ್ಲಿ ಕೂತಿದ್ದ ಸೋಪು, ಎಣ್ಣೆ ಮತ್ತು ಮೃದುಕಾರಕದ (ಫ್ಯಾಬ್ರಿಕ್ ಕಂಡೀಷನರ್) ಜಿಡ್ಡು. ನೀರು ಆರುವವರೆಗೆ, ಅಂದರೆ ಎರಡು ಮೂರು ಗಂಟೆ ನೆನೆದರೆ ಆಯಿತು. ರಾತ್ರಿಯಿಡೀ ಬಿಡುವುದರಿಂದ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಅಷ್ಟರಲ್ಲಿ ಪೆರಾಕ್ಸೈಡಿನ ಕಸುವು ಬಹುಮಟ್ಟಿಗೆ ಮುಗಿದಿರುತ್ತದೆ. ಆಮೇಲೆ ಎಂದಿನಂತೆ ಮಶಿನ್‌ಗೆ ಹಾಕಿ, ಒಂದು ಸಲ ಹೆಚ್ಚಾಗಿ ಜಾಲಾಡಿಸಬೇಕು.

ಫಲಿತಾಂಶ ಟವೆಲ್‌ಗೆ ತಕ್ಕಂತೆ ಬೇರೆಯಾಯಿತು. ಬೈರಾಸು ಮತ್ತು ಜೇನುಗೂಡು ನೇಯ್ಗೆಯವು ಒಂದೇ ನೆನೆಹಾಕುವಿಕೆಯಲ್ಲಿ ಪೂರ್ತಿ ಶುದ್ಧವಾದವು. ಅಂಚನ್ನು ಬಿಸಿನೀರಿನಲ್ಲಿ ಅದ್ದಿ ಮೂಸಿದರೂ ಹೊಸ ಹತ್ತಿಯ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ದಪ್ಪ ಟರ್ಕಿ ಟವೆಲ್‌ಗಳಿಗೆ ಒಮ್ಮೆ ಸಾಲಲಿಲ್ಲ. ಮೈಭಾಗದ ವಾಸನೆ ಹೋದರೂ ಅಂಚಿನಲ್ಲಿ ಸಣ್ಣದೊಂದು ಎಳೆ ಉಳಿದುಕೊಂಡು, ಎರಡನೆಯ ನೆನೆಹಾಕುವಿಕೆಯ ನಂತರವೇ ಮಾಯವಾಯಿತು. ನೀರು ಹೀರುವ ಶಕ್ತಿ ಮಾತ್ರ ಟರ್ಕಿ ಟವೆಲ್‌ಗಳಲ್ಲೇ ಹೆಚ್ಚು ಸುಧಾರಿಸಿತು, ಮೈಮೇಲೆ ಜಾರುತ್ತಿದ್ದ ಬಟ್ಟೆ ಮತ್ತೆ ನೀರು ಹಿಡಿಯತೊಡಗಿತು. ಬಣ್ಣದ ವಿಷಯದಲ್ಲಿ ಬಿಳಿ ಟವೆಲ್‌ಗಳು ಎದ್ದು ಕಾಣುವಷ್ಟು ಬೆಳ್ಳಗಾದವು. ತಿಳಿ ಬಣ್ಣಗಳಿಗೆ ಏನೂ ಆಗಲಿಲ್ಲ. ಕಡುಗೆಂಪು ಅಂಚಿನ ಬೈರಾಸು ಮೊದಲ ಸಲ ಕೊಂಚ ಬಣ್ಣ ಬಿಟ್ಟಿತು. ಕೈಮಗ್ಗದ ಬಟ್ಟೆಯನ್ನು ಇಡಿಯಾಗಿ ಮುಳುಗಿಸುವ ಮೊದಲು ಮೂಲೆಯೊಂದನ್ನು ಅದ್ದಿ ನೋಡುವುದು ಕ್ಷೇಮ.

ಇಲ್ಲಿಯವರೆಗಿನದು ಹೊಗಳಿಕೆ. ಮಿತಿ ಗೊತ್ತಾಗುವುದು ಮುಂದಿನ ವಾರಗಳಲ್ಲಿ. ಅದೇ ಕೋಣೆ, ಅದೇ ಮಳೆ ಇದ್ದಾಗ ಬೈರಾಸಿನಲ್ಲಿ ವಾಸನೆ ಮರಳಲೇ ಇಲ್ಲ. ಜೇನುಗೂಡಿನವುಗಳಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಬಿಡದ ಮಳೆಯಲ್ಲಿ ಮಾತ್ರ ತುಸು ಸುಳಿವು ಕಾಣಿಸಿತು. ಟರ್ಕಿ ಟವೆಲ್‌ಗಳಂತೂ ಬೆಳಗಿನ ಸ್ನಾನದ ತೇವ ಸಂಜೆಗೂ ಆರದೆ, ವಾರ ತುಂಬುವ ಮೊದಲೇ ಹಳೆಯ ಸ್ಥಿತಿಗೆ ಬಂದವು. ಪುಡಿಯನ್ನು ದೂರುವಂತಿಲ್ಲ. ಅದು ಒಳಗಿದ್ದುದನ್ನು ತೊಳೆದು ಹೋಯಿತು. ಗಾಳಿಯಿಂದ, ಮೈಯಿಂದ, ಮಶಿನ್‌ನಿಂದ ಹೊಸದಾಗಿ ಬಂದು ಕೂರುವ ಬ್ಯಾಕ್ಟೀರಿಯಾಗಳಿಗೆ ಅರ್ಧ ದಿನದ ಒದ್ದೆ ಸಿಕ್ಕರೆ ಅವು ತಮ್ಮ ಕೆಲಸ ಮಾಡಿಯೇ ಮಾಡುತ್ತವೆ. ದಪ್ಪ ಟವೆಲ್ ಇಟ್ಟುಕೊಂಡು ಮಳೆಗಾಲವಿಡೀ ವಾರವಾರವೂ ನೆನೆಹಾಕುತ್ತಿರುವುದು ಒಂದು ದಾರಿ. ಟವೆಲ್ ಬದಲಾಯಿಸುವುದು ಇನ್ನೊಂದು, ನನ್ನ ಮಟ್ಟಿಗೆ ಅದೇ ಜಾಣತನದ್ದು.

ಇದರ ಪ್ರತಿಸ್ಪರ್ಧಿಗಳ ಬಗ್ಗೆ ಹೇಳುವುದಾದರೆ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಕೊನೆಯ ನೀರಿಗೆ ಸುರಿಯುವ ಪರಿಮಳದ ಮೃದುಕಾರಕ, ಅಂದರೆ ಫ್ಯಾಬ್ರಿಕ್ ಕಂಡೀಷನರ್. ಎಳೆಗಳ ಮೇಲೆ ಮೇಣದಂಥ ತೆಳು ಪದರವೊಂದನ್ನು ಹಚ್ಚಿ ಬಟ್ಟೆ ನುಣುಪಾಗಿ ತೋರುವಂತೆ ಮಾಡುವುದೇ ಅದರ ಕೆಲಸ. ಸೀರೆಗೋ ಅಂಗಿಗೋ ಅದು ಹೊಂದಬಹುದು. ನೀರು ಹೀರಲೆಂದೇ ಇರುವ ಟವೆಲ್‌ಗೆ ಆ ಪದರ ಹಚ್ಚುವುದು ವಿಚಿತ್ರವಾದ ವ್ಯವಹಾರ. ಹೀರುವ ಶಕ್ತಿ ಕುಗ್ಗುತ್ತದೆ, ಪದರ ಒಗೆತದಿಂದ ಒಗೆತಕ್ಕೆ ದಪ್ಪವಾಗುತ್ತದೆ, ಮುಗ್ಗಲು ವಾಸನೆ ಮಲ್ಲಿಗೆಯ ಸುಗಂಧದೊಡನೆ ಬೆರೆತು ಮೊದಲಿಗಿಂತಲೂ ಅಸಹ್ಯವಾಗುತ್ತದೆ. ವಿನೆಗರನ್ನು ಅನೇಕರು ಶಿಫಾರಸು ಮಾಡುತ್ತಾರೆ. ಗಡಸು ನೀರಿನ ಊರುಗಳಲ್ಲಿ, ವಿಶೇಷವಾಗಿ ಬೋರ್‌ವೆಲ್ ನೀರನ್ನೇ ನಂಬಿದ ಬೆಂಗಳೂರಿನ ಬಡಾವಣೆಗಳಲ್ಲಿ, ಸುಣ್ಣದ ಅಂಶ ಮತ್ತು ಸೋಪು ಸೇರಿ ಕಟ್ಟಿದ ಗಡಸುತನವನ್ನು ಕೊನೆಯ ಜಾಲಾಟದಲ್ಲಿ ಹಾಕಿದ ಅರ್ಧ ಲೋಟ ವಿನೆಗರ್ ಕರಗಿಸುತ್ತದೆ, ಟವೆಲ್ ಹಪ್ಪಳದಂತೆ ಬಿರುಸಾಗುವುದು ತಪ್ಪುತ್ತದೆ. ಆದರೆ ಬೇರೂರಿದ ಮುಗ್ಗಲು ವಾಸನೆಗೆ ಅದರ ಬಲ ಸಾಲದು, ಪದೇಪದೇ ಬಳಸಿದರೆ ಮಶಿನ್‌ನ ರಬ್ಬರಿಗೂ ಒಳ್ಳೆಯದಲ್ಲ. ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ನೊರೆ ಬರಿಸುವ ಉಪಾಯವನ್ನು ಅಂತರ್ಜಾಲದ ತುಂಬ ಹಂಚುತ್ತಾರೆ. ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರಿನಂಥದ್ದು, ನೊರೆಯ ಸಂಭ್ರಮ ಮಾತ್ರ ನಮ್ಮದು.

ಬಟ್ಟೆಗೆಂದೇ ಮಾರುವ ಸ್ಯಾನಿಟೈಸರ್ ದ್ರಾವಣಗಳಲ್ಲಿ ಸಾಮಾನ್ಯವಾಗಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ನಿಜ, ತಣ್ಣೀರಿನಲ್ಲೂ ಕೆಲಸ ಮಾಡುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಆದರೆ ಸೋಪಿನ ಜೊತೆಗೇ ಹಾಕಿದರೆ ಎರಡೂ ನಿಷ್ಫಲವಾಗುತ್ತವೆ, ಕೊನೆಯ ನೀರಿಗೇ ಹಾಕಬೇಕು. ಎಳೆಯೊಳಗೆ ಕೂತ ಹಳೆಯ ಜಿಡ್ಡನ್ನು ಅದು ಮುಟ್ಟುವುದೂ ಇಲ್ಲ. ಇವೆಲ್ಲಕ್ಕಿಂತ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು ಕಿರಾಣಿ ಅಂಗಡಿಯ ಮಾಮೂಲಿ ಬಟ್ಟೆ ಸೋಡಾ. ಬಿಳಿ ಹತ್ತಿ ಟವೆಲ್‌ಗಳನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಈ ದುಬಾರಿ ಪುಡಿ ಮಾಡುವ ಕೆಲಸದ ಬಹುಭಾಗ ಆಗಿಯೇ ಹೋಗುತ್ತದೆ, ಏಕೆಂದರೆ ಕುದಿನೀರಿಗಿಂತ ದೊಡ್ಡ ಬ್ಯಾಕ್ಟೀರಿಯಾನಾಶಕ ಬೇಕಿಲ್ಲ. ಹಿಂದೆ ಮಡಿವಾಳರು ಚೌಳು ಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದುದರ ಹಿಂದಿನ ತತ್ತ್ವವೂ ಇದೇ, ಕ್ಷಾರ ಮತ್ತು ಹಬೆ. ಫ್ಲ್ಯಾಟಿನ ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಟವೆಲ್ ಕುದಿಸಲು ಎಷ್ಟು ಜನ ತಯಾರಿದ್ದಾರೆ ಎಂಬುದು ಬೇರೆ ಪ್ರಶ್ನೆ. ಕುದಿಯುವಷ್ಟು ಕಾವಿಲ್ಲದ ಗೀಸರ್ ನೀರಿನಲ್ಲೇ ಅದೇ ಫಲ ಕೊಡುವುದಕ್ಕಾಗಿ ಪುಡಿಗೆ ಆ ಹೆಚ್ಚಿನ ಬೆಲೆ.

ಮಶಿನ್ ಬಗ್ಗೆಯೂ ಎರಡು ಮಾತು. ಪುಡಿಯ ಸೋಪನ್ನು ಬಿಟ್ಟು ದ್ರವರೂಪದ ಸೋಪಿಗೆ ಹೋದ ಮನೆಗಳಲ್ಲಿ ಈ ದೂರು ಹೆಚ್ಚಾಗಿ ಕೇಳಿಬರುತ್ತದೆ. ಅದಕ್ಕೆ ಕಾರಣವುಂಟು: ಮಶಿನ್‌ಗೆಂದು ಮಾಡಿದ ಎಷ್ಟೋ ಪುಡಿಗಳಲ್ಲಿ ಆಕ್ಸಿಜನ್ ಬ್ಲೀಚ್ ಸ್ವಲ್ಪವಾದರೂ ಇರುತ್ತದೆ, ದ್ರವದಲ್ಲಿ ಅದು ಕೆಡದೆ ನಿಲ್ಲುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಸೇರಿಸುವುದಿಲ್ಲ. ಮುಂಬಾಗಿಲಿನ ಮಶಿನ್‌ನ ರಬ್ಬರ್ ಸುತ್ತುಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಕೂದಲು, ನೂಲು ಸೇರಿದ ಕಪ್ಪು ಲೋಳೆ ಕಾಣುತ್ತದೆ. ಅದು ಅಲ್ಲಿರುವವರೆಗೆ ಪ್ರತಿ ಒಗೆತವೂ ಟವೆಲ್‌ಗೆ ಹೊಸ ಬ್ಯಾಕ್ಟೀರಿಯಾ ಬಡಿಸುತ್ತಿರುತ್ತದೆ. ಮಡಿಕೆಯನ್ನು ಒರೆಸಿ, ಡ್ರಮ್ಮಿಗೆ ಇದೇ ಪುಡಿಯನ್ನು ಹಾಕಿ, ಬಟ್ಟೆಯಿಲ್ಲದೆ ಅತಿ ಬಿಸಿಯ ಕ್ರಮದಲ್ಲಿ ಓಡಿಸಿದರೆ ಮಶಿನ್ ಶುದ್ಧವಾಗುತ್ತದೆ. ಕೆಲಸ ಮುಗಿದ ಮೇಲೆ ಮಶಿನ್‌ನ ಬಾಗಿಲು ತೆರೆದಿಡುವುದು ಇನ್ನೂ ಅಗ್ಗದ ಉಪಾಯ.

ಟವೆಲ್‌ಗಳಿಗೆ ಬರೋಣ. ಅಂಗಡಿಯವರು ಟವೆಲ್‌ನ ತೂಕವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. 400ರೊಳಗಿನದು ಹಗುರ, 600 ದಾಟಿದರೆ ಐಷಾರಾಮಿ. 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದದ 600 ಜಿಎಸ್‌ಎಂ ಟವೆಲ್ ಸುಮಾರು 590 ಗ್ರಾಂ ತೂಗುತ್ತದೆ. ಮಶಿನ್ ತಿರುಗಿಸಿ ಹಿಂಡಿದ ಮೇಲೂ ಹತ್ತಿಯಲ್ಲಿ ಅದರ ಒಣ ತೂಕದ ಅರ್ಧದಷ್ಟು ನೀರು ಉಳಿಯುತ್ತದೆಂದು ಹಿಡಿದರೆ, ಒಂದೊಂದು ಟವೆಲ್ ಕಾಲು ಲೀಟರಿಗಿಂತ ಹೆಚ್ಚು ನೀರನ್ನು ಹೊತ್ತುಕೊಂಡು ಹಗ್ಗಕ್ಕೆ ಬರುತ್ತದೆ. 150 ಜಿಎಸ್‌ಎಂನ ಬೈರಾಸು ಅದೇ ಅಳತೆಯದಾದರೆ ಹೊರುವುದು ಅದರ ಕಾಲು ಭಾಗ ಮಾತ್ರ. ಟರ್ಕಿ ಟವೆಲ್‌ನ ಎರಡೂ ಮುಖದಲ್ಲಿ ಎದ್ದು ನಿಂತ ಕುಣಿಕೆಗಳು ನೀರು ಹೀರುವುದಕ್ಕೆ ಅತ್ಯುತ್ತಮ. ಒಣ ಹವೆಯ ಊರಿನಲ್ಲಿ ಅವು ವರವೇ ಸರಿ. ಆದರೆ ತೇವಗಾಳಿಯ ಊರಿನಲ್ಲಿ ಆ ಕುಣಿಕೆಗಳ ಬುಡದಲ್ಲಿ ಗಾಳಿಯಾಡುವುದಿಲ್ಲ. ಹೆಸರೇ ಹೇಳುವಂತೆ ತುರ್ಕಿಯಲ್ಲಿ ಕೈಮಗ್ಗದಲ್ಲಿ ನೇಯುತ್ತಿದ್ದ ಈ ಬಟ್ಟೆಯನ್ನು ಯಂತ್ರದಲ್ಲಿ ನೇಯ್ದು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟ ಮೇಲೆಯೇ ಅದು ಲೋಕಕ್ಕೆಲ್ಲ ಹರಡಿದ್ದು. ತುರ್ಕಿಯಾಗಲಿ ಲಂಡನ್ನಾಗಲಿ, ಎರಡೂ ಮಳೆಗಾಲದ ಕರಾವಳಿಯನ್ನು ನೆನೆದು ಟವೆಲ್ ರೂಪಿಸಿದ ಜಾಗಗಳಲ್ಲ.

ದಪ್ಪ ಟವೆಲ್ಲೇ ಬೇಕೆನ್ನುವವರಿಗೆ ಸೊಲ್ಲಾಪುರದ ಟರ್ಕಿ ಟವೆಲ್‌ಗಳನ್ನು ಹೇಳಬಹುದು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ಟವೆಲ್‌ಗಳು ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲಿ ಹಳೆಯ ಪರಿಚಯದವು. ಅಲ್ಲಿನ ಬಿಸಿಲಿಗೆ ಎಂಥ ಟವೆಲ್ಲೂ ಗಂಟೆಯೊಂದರಲ್ಲಿ ಗರಿಗರಿಯಾಗುವುದರಿಂದ ಮುಗ್ಗಲಿನ ಸಮಸ್ಯೆಯೇ ಆ ಕಡೆಯವರಿಗೆ ಅರ್ಥವಾಗುವುದು ಕಷ್ಟ. ಅದರಲ್ಲಿ ಹಗುರವಾದದ್ದನ್ನು ಆರಿಸಿಕೊಂಡರೆ ಮಲೆನಾಡಿನಲ್ಲೂ ನಿಭಾಯಿಸಬಹುದು. ನನ್ನ ಆಯ್ಕೆ ಮಾತ್ರ ಬೈರಾಸು. ನೇಕಾರರ ಸಹಕಾರಿ ಸಂಘದ ಮಳಿಗೆಯಲ್ಲಿ ಕೊಂಡಾಗ ಅದು ಗಂಜಿ ಹಾಕಿ ಕಾಗದದಂತೆ ಗಟ್ಟಿಯಾಗಿತ್ತು, ನೀರಿನ ಹನಿ ಬಿಟ್ಟರೆ ಮೇಲೆಯೇ ನಿಲ್ಲುತ್ತಿತ್ತು. “ಎರಡು ಸಲ ಒಗ್ದ್ರೆ ಸಾಕು ಅಕ್ಕ, ಮತ್ತೆ ನೀರು ಎಳೀತದೆ” ಎಂದು ಮಳಿಗೆಯವರು ಹೇಳಿದ ಮಾತು ಸುಳ್ಳಾಗಲಿಲ್ಲ. ಗಂಜಿ ಬಿಡಿಸಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದರೆ ಇನ್ನೂ ಬೇಗ ಆಗುತ್ತದೆ. ಕೊರತೆಯೂ ಇದೆ: ಉದ್ದ ಕೂದಲಿನವರಿಗೆ ತಲೆಗೆ ಸ್ನಾನ ಮಾಡಿದ ದಿನ ಒಂದು ಬೈರಾಸು ಸಾಲದು, ತಲೆಗೊಂದು ಮೈಗೊಂದು ಬೇಕು, ಚಳಿಗಾಲದಲ್ಲಿ ಸುತ್ತಿಕೊಂಡರೆ ಬೆಚ್ಚಗಿರುವುದಿಲ್ಲ, ಅತಿಥಿಗಳಿಗೆ ಕೊಡಲು ಕೆಲವರಿಗೆ ಮುಜುಗರ. ಒಂದು ದಪ್ಪ ಟವೆಲ್‌ನ ಬೆಲೆಗೆ ಮೂರು ನಾಲ್ಕು ಬೈರಾಸು ಬರುವುದರಿಂದ ಮೊದಲನೆಯದು ಕೊರತೆಯೇ ಅಲ್ಲ ಎನ್ನಬಹುದು.

ಜೇನುಗೂಡು ನೇಯ್ಗೆಯದು ಇವೆರಡರ ನಡುವಿನದು. ಚೌಕಚೌಕದ ಗುಳಿಗಳಲ್ಲಿ ನೀರು ನಿಂತರೂ ಬಟ್ಟೆ ತೆಳುವಾದ್ದರಿಂದ ಗಾಳಿ ದಾಟುತ್ತದೆ. ಒರೆಸುವಾಗ ಮೈಗೆ ಹಿತವಾದ ಒರಟುತನವೂ ಇದೆ. ಒಗೆದಾಗ ಸಾಕಷ್ಟು ಕುಗ್ಗುತ್ತದೆ, ಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಕೊಳ್ಳಬೇಕು.

ಒಣಗಿಸುವ ವಿಧಾನದಲ್ಲಿ ಸಣ್ಣ ಬದಲಾವಣೆಗಳು ಪುಡಿಗಿಂತ ಹೆಚ್ಚು ಉಪಕಾರ ಮಾಡಿದವು. ಬಚ್ಚಲಿನ ಬಾಗಿಲ ಹಿಂದಿನ ಮೊಳೆಗೆ ಟವೆಲ್ಲನ್ನು ಮುದ್ದೆಯಾಗಿ ನೇತುಹಾಕುವುದು ಎಲ್ಲ ಕಡೆಯ ಅಭ್ಯಾಸ. ಅಲ್ಲಿ ಬಿಸಿನೀರಿನ ಹಬೆಯೂ ಇರುತ್ತದೆ, ಮಡಿಕೆಗಳೂ ಇರುತ್ತವೆ. ಕಂಬಿಯ ಮೇಲೆ ಪೂರ್ತಿ ಹರವಬೇಕು, ಎರಡು ಪದರ ಒಂದಕ್ಕೊಂದು ಅಂಟದಂತೆ ಒಂದು ಬದಿಯನ್ನು ಉದ್ದ ಬಿಡಬೇಕು. ಮಳೆಗಾಲದಲ್ಲಿ ಬಾಲ್ಕನಿಗಿಂತ ಫ್ಯಾನ್ ಇರುವ ಕೋಣೆಯೇ ಮೇಲು, ಏಕೆಂದರೆ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಬೇಕಾದದ್ದು ಚಲನೆ. ಬಟ್ಟೆ ಸ್ಟ್ಯಾಂಡನ್ನು ಫ್ಯಾನಿನ ನೇರ ಕೆಳಗೆ ಇಡುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ರೆಕ್ಕೆಯ ಗಾಳಿ ಚೆನ್ನಾಗಿ ತಗಲುತ್ತದೆ. ಅಂಚು ಇನ್ನೂ ತಣ್ಣಗಿರುವ ಟವೆಲ್ಲನ್ನು ಕಪಾಟಿನೊಳಗೆ ಮಡಿಸಿಟ್ಟರೆ ಪಕ್ಕದ ಹಾಸಿಗೆ ಹೊದಿಕೆಗಳಿಗೂ ಅದರ ವಾಸನೆ ಅಂಟುತ್ತದೆ.

ಪುಡಿಯ ಬಗ್ಗೆ ಪ್ಯಾಕೆಟ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಇದ್ದ ಅಥವಾ ಇರಲೇ ಇಲ್ಲದ ಕೆಲವು ಎಚ್ಚರಿಕೆಗಳನ್ನು ದೊಡ್ಡದಾಗಿಯೇ ಹೇಳಬೇಕು. ತಾಮ್ರದ ಹಂಡೆಯಲ್ಲಿ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಕರಗಿಸಬಾರದು. ಆ ಲೋಹಗಳು ಪೆರಾಕ್ಸೈಡನ್ನು ಕ್ಷಣದಲ್ಲಿ ಒಡೆದು ಹಾಕುತ್ತವೆ. ಕಬ್ಬಿಣದ ಅಂಶವಿರುವ, ನಿಂತರೆ ಕೆಂಪಾಗುವ ಬೋರ್‌ವೆಲ್ ನೀರಿನಲ್ಲೂ ಅದೇ ಕಾರಣಕ್ಕೆ ಪುಡಿಯ ಬಲ ಕುಗ್ಗುತ್ತದೆ. ಕ್ಲೋರಿನ್ ಬ್ಲೀಚ್ ಅಥವಾ ವಿನೆಗರಿನೊಡನೆ ಬೆರೆಸಬಾರದು. ಉಣ್ಣೆಗೂ ರೇಷ್ಮೆಗೂ ತಾಗಿಸಬಾರದು, ಕ್ಷಾರ ಅವನ್ನು ಹಾಳುಮಾಡುತ್ತದೆ. ಬರಿಗೈಯಲ್ಲಿ ಹಿಂಡಿದರೆ ಚರ್ಮ ಒಣಗಿ ಉರಿಯುತ್ತದೆ, ಕೈಗವಸು ಬೇಕು. ಒಮ್ಮೆ ಕರಗಿಸಿದ ನೀರನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿಡುವುದು ಅಪಾಯ, ಒಳಗೆ ಅನಿಲದ ಒತ್ತಡ ಹೆಚ್ಚಿ ಬಾಟಲಿ ಸಿಡಿಯಬಹುದು. ನನಗೆ ಬಂದ ಪ್ಯಾಕೆಟ್ಟಿನ ಜಿಪ್ ಬೇಗನೆ ಕೈಕೊಟ್ಟು, ಮಳೆಗಾಲದ ಗಾಳಿಗೆ ಮೇಲಿನ ಪುಡಿ ಗಂಟು ಕಟ್ಟಿತು. ಒಣ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆಟುಕದ ಕಡೆ ಇಡಬೇಕಾಯಿತು. ನೋಡಲು ಸಕ್ಕರೆಗೂ ಉಪ್ಪಿಗೂ ಹತ್ತಿರವಿರುವ ವಸ್ತುವಾದ್ದರಿಂದ ಡಬ್ಬಿಯ ಮೇಲೆ ಹೆಸರು ಬರೆಯದೆ ಬಿಡಬಾರದು.

ದಪ್ಪ ಟವೆಲ್‌ಗಳಿಗೆ ಈಗಾಗಲೇ ದುಡ್ಡು ಹಾಕಿರುವವರು, ಮಕ್ಕಳ ಬಿಳಿ ಸಮವಸ್ತ್ರವಿರುವ ಮನೆಯವರು ಮತ್ತು ಗಡಸು ನೀರಿನ ಊರಿನವರು ಒಂದು ಕಿಲೋ ತರಿಸಿಕೊಳ್ಳಲು ಅಡ್ಡಿಯಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬಳಸಿದರೆ ವರ್ಷ ತಳ್ಳಬಹುದು. ಬೆಂಗಳೂರಿನ ಪಿಜಿಗಳಲ್ಲಿ ಒಂದು ಕೋಣೆಗೆ ಮೂವರಂತೆ ಇದ್ದು, ಬಟ್ಟೆ ಹರವಲು ಮಂಚದ ಕಂಬಿ ಬಿಟ್ಟರೆ ಬೇರೆ ಜಾಗವಿಲ್ಲದವರಿಗೆ ಮಾತ್ರ ನಾನು ಈ ಪುಡಿಯನ್ನು ಹೇಳಲಾರೆ. ಅವರು ಅದೇ ನಾನೂರು ರೂಪಾಯಿಗೆ ಬರುವಷ್ಟು ತೆಳು ಹತ್ತಿ ಟವೆಲ್ ತೆಗೆದುಕೊಂಡು, ಒಂದನ್ನು ಬಳಸುವಾಗ ಇನ್ನೊಂದು ಪೂರ್ತಿ ಒಣಗುವಂತೆ ಸರದಿ ಇಟ್ಟುಕೊಳ್ಳಲಿ, ಬೆಳಿಗ್ಗೆ ಗೀಸರ್ ಬಿಸಿಯಿರುವಾಗ ಸ್ನಾನಕ್ಕೆ ಮೊದಲು ಅರ್ಧ ಬಕೆಟ್ ಸುಡುನೀರು ಹಿಡಿದು ಎರಡು ಚಮಚ ಬಟ್ಟೆ ಸೋಡಾದೊಡನೆ ವಾರಕ್ಕೊಮ್ಮೆ ನೆನೆಹಾಕಲಿ.